ನನ್ನ ಹಿಂದೆ ನುಸುಳಿದ ಅಜ್ಜಿ

ನೀಲಿ ಹವಾಯಿ ಚಪ್ಪಲಿಯೊಂದು ಗೂಡ್ಸ್ ಗಾಡಿಯ ಚಕ್ರದ ಪಕ್ಕ ಮಗುಚಿ ಬಿದ್ದಿತ್ತು. ಅದನ್ನು ಹಾಕಿಕೊಂಡಿದ್ದ, ಎಪ್ಪತ್ತರ ಆಸುಪಾಸಿನ ಅಜ್ಜಿ ಇನ್ನೂ ಗಾಡಿಯ ಕೆಳಗೇ ಇದ್ದರು. ನಮ್ಮ ಬ್ಯಾಡಗಿಯಲ್ಲಿ ಹಾವೇರಿಯ ರೈಲು ಆಚೆ ಪ್ಲಾಟ್‌ಫಾರ್ಮಿಗೆ ಬಂದು, ನಡುವೆ ಗೂಡ್ಸ್ ನಿಂತಿದ್ದರೆ, ದಿನವೂ ಓಡಾಡುವ ಕೆಲವರು ಮೇಲ್ಸೇತುವೆ ಹತ್ತದೆ ಅದರಡಿಯೇ ನುಸುಳುತ್ತೇವೆ. ನಾನೂ ಆಗಷ್ಟೇ ನುಸುಳಿ ಆಚೆ ಬದಿಗೆ ಬಂದಿದ್ದೆ.

ಮುಂದೆಲ್ಲೋ ಎಂಜಿನ್ ಕೂಗಿತು. ಡಬ್ಬಿಗಳು ಒಂದೊಂದಾಗಿ ಜಗ್ಗಿದ ಸದ್ದು ನಮ್ಮ ಕಡೆಗೆ ಓಡಿ ಬಂತು. ಅಜ್ಜಿಯ ಸೆರಗು ಕೆಳಗಿನ ಕಬ್ಬಿಣದ ಕೊಂಡಿಗೆ ಸಿಕ್ಕಿಕೊಂಡಿತ್ತು. ನಾನು ಮಂಡಿಯೂರಿ, ಅವರ ತೋಳನ್ನು ಎರಡೂ ಕೈಯಿಂದ ಹಿಡಿದು ಎಳೆದೆ. ಸೆರಗು ಹರಿದು ಅವರು ನನ್ನ ಮೇಲೆ ಬಿದ್ದರು. ಆಗಲೇ ಚಕ್ರ ಉರುಳಿತು.

ಉಸಿರು ತಿರುಗಿದ ಮೇಲೆ, "ಇದರ ಕೆಳಗ ಯಾಕ ಬಂದ್ರಿ ಅಜ್ಜಿ?" ಎಂದೆ.

"ಮೊದಲ ಇಲ್ಲಿ ಒಂದ ಹಳಿ ಇತ್ತವ್ವಾ, ಈ ಸರ್ಕಸ್ ಇರಲಿಲ್ಲ. ನಾ ಮೆಟ್ಲ ಹತ್ತಾಕ ಹೊಂಟಿದ್ದೆ. ಓದಿದಾಕಿ ನೀ ನುಸುಳಿದಿ, ನಿನ್ನ ಬೆನ್ನ ಹತ್ತಿದೆ."

ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಮರುದಿನ ಬೆಳಿಗ್ಗೆಯೂ ಗೂಡ್ಸ್ ಅಡ್ಡ ನಿಂತಿತ್ತು, ಆಚೆ ನನ್ನ ರೈಲು ಬಂದಾಗಿತ್ತು. ನಾನು ಮೆಟ್ಟಿಲು ಹತ್ತಿದೆ. ಸೇತುವೆಯ ಮಧ್ಯದಲ್ಲಿರುವಾಗಲೇ ರೈಲು ಹೊರಟುಹೋಯಿತು.