ಮಾವನ ಬ್ಯಾಗ್‌ಪೈಪಿಗೆ ನೈಲಾನ್ ದಂತ

ಎರಡು ವಾರದ ಹಿಂದೆ, ಭಾನುವಾರ ಬೆಳಿಗ್ಗೆ, ನಮ್ಮ ಒಲೆಯ ಮೇಲೆ ನಾಲ್ಕು ಬಿಳಿ ಬಳೆಗಳು ಹಾಲು ಹಾಕದ ಕಣ್ಣು ಚಹಾದಲ್ಲಿ ಕುದಿಯುತ್ತಿದ್ದವು. ಹೆಂಡತಿ ಮುಚ್ಚಳ ತೆಗೆದು ನೋಡಿ, "ಇದು ಕುಡಿಯುವುದಾ, ತಿನ್ನುವುದಾ?" ಎಂದಳು.

ತಪ್ಪು ನನ್ನದಲ್ಲ, ಅವಳ ಅಪ್ಪನದು. ವಾಮದಪದವಿನ ನನ್ನ ಮಾವ ಮಿಲಿಟರಿ ಬ್ಯಾಂಡಿನಲ್ಲಿ ಬ್ಯಾಗ್‌ಪೈಪ್ ಊದಿ ರಿಟೈರ್ ಆದವರು. (ಹಿತ್ತಿಲಿಗೆ ಹೋಗುವಾಗಲೂ ಲೆಫ್ಟ್-ರೈಟ್ ಬಿಡುವುದಿಲ್ಲ.) ಕಿರಿಯ ಮಗಳು ವಿಜಯಾಳ ಮದುವೆಯ ದಿಬ್ಬಣವನ್ನು ತಾನೇ ಪೈಪ್ ಊದಿ ಎದುರುಗೊಳ್ಳುತ್ತೇನೆ ಎಂದು ಅವಳಿಗೆ ಚಿಕ್ಕಂದಿನಲ್ಲೇ ಮಾತು ಕೊಟ್ಟಿದ್ದರು. ಮದುವೆ ಹತ್ತಿರ ಬಂತೆಂದು ಟ್ರಂಕ್ ತೆರೆದರೆ, ಮರದ ಕೊಳವೆಗಳಿಗೆ ತೊಡಿಸಿದ್ದ ಐದು ಆನೆದಂತದ ಬಳೆಗಳಲ್ಲಿ ನಾಲ್ಕು ಸೀಳಿಹೋಗಿವೆ! ಬಳೆ ಇಲ್ಲದಿದ್ದರೆ ಮರವೂ ಸೀಳುತ್ತದೆ. ದಂತದ ವ್ಯಾಪಾರವನ್ನು ಸರಕಾರವೇ ಬಂದ್ ಮಾಡಿದೆ. ಇನ್ನು ಆನೆಯನ್ನೇ ಕೇಳಬೇಕಷ್ಟೆ.

ಮಾವನನ್ನು ಫರಂಗಿಪೇಟೆಯ ಹಸನಬ್ಬರ ಲೇತ್ ಅಂಗಡಿಗೆ ಕರೆದುಕೊಂಡು ಹೋದೆ. ಅವರು ತೊಟ್ಟಿಲು, ಮಂಚದ ಕಾಲು ಕಡೆಯುವವರು.

"ನೈಲಾನಿನಲ್ಲಿ ಮಾಡ್ತೇನೆ ಹವಾಲ್ದಾರ್ರೇ. ಬಸ್ಸಿನ ಬುಶ್ಶು ಕಡೆಯಲು ತಂದ ತುಂಡು ಉಂಟು."

"ಮಗಳ ಮದುವೆಗೆ ಪ್ಲಾಸ್ಟಿಕ್ ಊದುವುದಾ?" ಮಾವ ಗುಡುಗಿದರು.

"ಊದುವುದು ಕೊಳವೆಯನ್ನಲ್ವಾ ಮಾರಾಯ್ರೇ? ಬಳೆಯನ್ನು ಅಲ್ಲವಲ್ಲ."

ಮಾವ ಒಪ್ಪಿದರು, ಒಂದು ಶರತ್ತಿನ ಮೇಲೆ. ಆ ನಾಲ್ಕು ನಕಲಿ ಎಂದು ಒಬ್ಬನೇ ಒಬ್ಬ ಗುರುತು ಹಿಡಿದರೂ ಪೈಪ್ ಕೆಳಗಿಡುತ್ತಾರಂತೆ. ಹಾಗಾದರೆ ವಿಜಯಾಳ ಗತಿ?

ಹಸನಬ್ಬ ಕಡೆಯತೊಡಗಿದರು. ನೈಲಾನ್ ಸುರುಳಿಗಳು ಶಾವಿಗೆಯ ಹಾಗೆ ನೆಲಕ್ಕೆ ಬಿದ್ದವು. ಬಳೆಗಳೇನೋ ಚೆಂದ, ಆದರೆ ಬಣ್ಣ ಹಾಲಿನಷ್ಟು ಬಿಳಿ. "ಕಣ್ಣು ಚಹಾದಲ್ಲಿ ಸ್ವಲ್ಪ ಕುದಿಸಿ, ಹಳೆಯ ದಂತದ ಹಾಗೆ ಆಗ್ತದೆ" ಎಂದರು. ಆ ಕೆಲಸ ನನ್ನ ಪಾಲಿಗೆ ಬಂತು. ನಾನೋ, ರೇಡಿಯೊದ ಕ್ರಿಕೆಟ್ ಕಾಮೆಂಟರಿಯಲ್ಲಿ ಮೈಮರೆತೆ. ಬಳೆಗಳು ನೂರು ವರ್ಷ ಹಳೆಯವಾಗಿಬಿಟ್ಟವು!

ಅತ್ತ ಮಾವ ಸುಮ್ಮನೆ ಕೂರುವವರೇ? ಉಳಿದ ಒಂದೇ ಒಂದು ಅಸಲಿ ಬಳೆಯನ್ನು ಮಿಲಿಟರಿ ಶಿಸ್ತಿನಲ್ಲಿ ಮೂರು ದಿನ ಹಲ್ಲುಪುಡಿ ಹಾಕಿ ಉಜ್ಜಿದರು. ಅದು ಬೆಳ್ಳಗೆ ಫಳಫಳ ಹೊಳೆಯತೊಡಗಿತು.

ಗುರುವಾರ ಮೂಡಬಿದ್ರೆಯಲ್ಲಿ ಮದುವೆ. ದಿಬ್ಬಣ ಬಂತು. ಮಾವ ಪೈಪ್ ಹೆಗಲಿಗೇರಿಸಿದರು. ಆಗ ಗಂಡಿನ ಚಿಕ್ಕಪ್ಪ ಹತ್ತಿರ ಬಂದು ಕನ್ನಡಕ ಸರಿಮಾಡಿಕೊಂಡರು. ಆಫ್ರಿಕಾದಲ್ಲಿ ಇದ್ದು ಬಂದವರು. "ದಂತವೋ?" ಎಂದು ಒಂದೊಂದೇ ಬಳೆ ಮುಟ್ಟಿ ನೋಡಿದರು. ಮಾವ ಅಟೆನ್ಶನ್ನಿನಲ್ಲಿ ನಿಂತರು. ಬಾಗಿಲಲ್ಲಿ ವಿಜಯಾ ಸೆರಗು ಹಿಂಡುತ್ತಿದ್ದಳು.

"ಈ ನಾಲ್ಕು ಫಸ್ಟ್‌ಕ್ಲಾಸ್ ದಂತ. ಆದರೆ ಈ ಬಿಳಿಯದ್ದು ಪ್ಲಾಸ್ಟಿಕ್. ಯಾರೋ ನಿಮಗೆ ಟೋಪಿ ಹಾಕಿದ್ದಾರೆ!"

ಮಾವ ನನ್ನನ್ನು ನೋಡಿದರು. ನಾನು ಚಪ್ಪರ ನೋಡಿದೆ. ಆ ನಾಲ್ಕನ್ನು ಯಾರೂ ಗುರುತು ಹಿಡಿಯಲಿಲ್ಲವಲ್ಲ! "ಬದಲಾಯಿಸ್ತೇನೆ, ಆಗಬಹುದು" ಎಂದು ನಗು ನುಂಗಿಕೊಂಡು ಊದಿದರು ನೋಡಿ, ಇಡೀ ದಿಬ್ಬಣ ಹೆಜ್ಜೆ ಹಾಕಿತು. ವಿಜಯಾ ಅಳುತ್ತಾ ನಗುತ್ತಿದ್ದಳು. ನನಗೂ ಕಣ್ಣು ಮಂಜಾಯಿತು, ಸುಳ್ಳು ಯಾಕೆ ಹೇಳಲಿ?

ಊಟದ ಹೊತ್ತಿಗೆ, ಮದುವೆಗೆ ಬಂದಿದ್ದ ಹಸನಬ್ಬರಿಗೆ ಸಂಗತಿ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ಮತ್ತೆ ಕಣ್ಣೊರೆಸಿಕೊಂಡು ಕೇಳಿದರು:

"ಹಾಗಾದರೆ ಆ ಆನೆ ಯಾಕೆ ಸತ್ತದ್ದು ಮಾರಾಯ್ರೇ?"