ಓರೆ ಹಿಡಿದ ಹೊಳಪು

ಹೊಳೆಯುವ ಕಾಗದವನ್ನು ಅಂಗೈ ಮೇಲಿಟ್ಟು ಮಣಿಕಟ್ಟನ್ನು ಮೆಲ್ಲಗೆ ಓರೆ ಮಾಡುವಾಗ ಅತ್ತಿಗೆಯ ಗಲ್ಲದ ಮೇಲೆ ಚಿನ್ನದ ಬಣ್ಣದ ಬೆಳಕೊಂದು ಹರಿದಾಡುತ್ತಿತ್ತು. ಅವರೇನೂ ಚೆಲುವೆಯಲ್ಲ. ಆ ಗಳಿಗೆಯಲ್ಲಿ ಮಾತ್ರ ಚೆಲುವೆಯಾಗಿ ಕಾಣುತ್ತಿದ್ದರು. ನನಗೆ ಅದನ್ನೂ ಸಹಿಸಲಾಗುತ್ತಿರಲಿಲ್ಲ.

ಉಡುಪಿಯಿಂದ ಬಂಗಾಳಕ್ಕೆ ಬಂದು ಎಸ್ಪ್ಲನೇಡಿನ ಬಳಿ ಹೋಟೆಲು ನಡೆಸುವ ಮನೆ ನಮ್ಮದು. ಮಿಠಾಯಿ ಡಬ್ಬಿ, ಚಹಾ ಪೊಟ್ಟಣ ಮುದ್ರಿಸುವ ಕಂಪನಿಯ ಲ್ಯಾಬಿಗೆ ಮೊದಲು ಸೇರಿದವಳು ನಾನು. ಅವುಗಳ ಲೋಹದ ಹೊಳಪು ಅಳೆಯುವುದು ನನ್ನ ಕೆಲಸ. ಅಣ್ಣನನ್ನು ಮದುವೆಯಾಗಿ ಬಂದ ಅತ್ತಿಗೆ ಮರುವರ್ಷ ಅಲ್ಲಿಗೇ ಸೇರಿದರು. ಮನೆಯಲ್ಲಿ ಅವರ ಸಾರೇ ರುಚಿ, ಲ್ಯಾಬಿನಲ್ಲಿ ಅವರ ಮಾತೇ ಮಾತು. ಹೊಟ್ಟೆ ಉರಿಯದೆ ಇರುತ್ತದೆಯೇ?

ಒಮ್ಮೆ ದುರ್ಗಾಪೂಜೆಗೆ ಹಂಚುವ ಸಂದೇಶ್ ಎಂಬ ಮಿಠಾಯಿಯ ಡಬ್ಬಿಗೆ ಎರಡು ಮಾದರಿ ಬಂದವು. ಮೀಟರಿನಲ್ಲಿ ಎರಡಕ್ಕೂ ಒಂದೇ ಅಂಕ. ಮಿಠಾಯಿ ಅಂಗಡಿಯವರು ಮಾತ್ರ ಒಂದು ಮಂಕು ಎನ್ನುತ್ತಿದ್ದರು. ನಾನು ಬೇಸತ್ತು ಡಬ್ಬಿಗಳನ್ನು ಟ್ಯೂಬ್‌ಲೈಟಿನ ಕೆಳಗೆ ಅತ್ತ ಇತ್ತ ಓಲಿಸುತ್ತ ಕೂತಿದ್ದೆ. ಚಿಕ್ಕಂದಿನಲ್ಲಿ ಹೋಟೆಲಿನ ಗಲ್ಲಾದ ಪಕ್ಕ ಕೂತು ಆಡುತ್ತಿದ್ದ ಆಟ ಅದು. ಅತ್ತಿಗೆ ಹತ್ತಿರ ಬಂದರು.

"ಇನ್ನೊಮ್ಮೆ ತಿರುಗಿಸು ಮಾರಾಯ್ತಿ. ಇದರಲ್ಲಿ ಟ್ಯೂಬಿನ ಅಂಚು ಚೂಪಾಗಿ ಕಾಣ್ತದೆ, ಅದರಲ್ಲಿ ಮಸುಕು. ಮೀಟರು ಒಂದೇ ಕಡೆಯಿಂದ ನೋಡ್ತದೆ. ಜನ ಡಬ್ಬಿ ತಿರುಗಿಸಿ ನೋಡುವುದಲ್ವಾ?"

ಮಾದರಿಯನ್ನು ಓರೆ ಮಾಡುತ್ತ, ಅದರಲ್ಲಿ ಕಾಣುವ ದೀಪದ ಅಂಚು ಎಷ್ಟು ಚೂಪು ಎಂದು ಕ್ಯಾಮೆರಾದಿಂದ ಅಳೆಯುವ ವಿಧಾನವನ್ನು ಅವರು ಕಟ್ಟಿದರು. ಬಂಗಾಳಿ ಸಹೋದ್ಯೋಗಿಗಳೂ ಅವರನ್ನು ಅತ್ತಿಗೆ ಎಂದೇ, ತಮ್ಮ ಭಾಷೆಯಲ್ಲಿ ಬೌದಿ ಎಂದು, ಕರೆಯುತ್ತಿದ್ದರು. ಅದು 'ಬೌದಿ ಟೆಸ್ಟ್' ಆಯಿತು. ಹಾಲು ನನ್ನದು, ಹೆಪ್ಪು ಅವರದು, ಮೊಸರಿಗೆ ಅವರೊಬ್ಬರದೇ ಹೆಸರು.

"ಇದು ಇವಳ ಆಟ. ನಾನು ನೋಡಿ ಕಲಿತದ್ದು" ಎಂದು ಅವರು ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಕೇಳಿದವರು ಅದನ್ನು ಅವರ ದೊಡ್ಡತನ ಎಂದುಕೊಂಡು ಇನ್ನಷ್ಟು ಮೆಚ್ಚುತ್ತಿದ್ದರು. ಒಬ್ಬರಾದರೂ ನಂಬಲಿ ಎಂದು ನನಗೆ ಆಸೆಯಿತ್ತು.

ಕಳೆದ ಚಳಿಗಾಲದಲ್ಲಿ ಅತ್ತಿಗೆ ಕಾಯಿಲೆಯಿಂದ ತೀರಿಕೊಂಡರು. ಈ ಸಲದ ಪೂಜೆಗೆ ಅಣ್ಣ ಸಂದೇಶ್ ತಂದ. ಮುಚ್ಚಳ ತೆಗೆಯುವ ಮೊದಲು ನಾನು ಡಬ್ಬಿಯನ್ನು ದೀಪಕ್ಕೆ ಓರೆ ಹಿಡಿದೆ. ಅಣ್ಣ ನೋಡುತ್ತ ನಿಂತ.

"ಥೇಟ್ ಅವಳ ಹಾಗೇ ಮಾಡ್ತಿ ನೀನು" ಅಂದ.

ಇದು ನನ್ನದು ಎನ್ನಲು ಬಾಯಿ ತೆರೆದೆ. 'ಹೌದು, ಇವಳದ್ದೇ' ಎಂದು ಸಾಕ್ಷಿ ಹೇಳುತ್ತಿದ್ದವರು ಅತ್ತಿಗೆಯೊಬ್ಬರೇ. ಮುಚ್ಚಳ ತೆಗೆದು ಅಣ್ಣನ ಕೈಗೊಂದು ಸಂದೇಶ್ ಇಟ್ಟೆ.