ನಾನು ಕೊಟ್ಟ ಬದಲಿ ಆಳು

ಸಾಸ್ವೆಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಯುಗಾದಿಯಿಂದ ಯುಗಾದಿಗೆ ಆಳು ಗೊತ್ತುಮಾಡುತ್ತಿದ್ದರು. ವರ್ಷದ ನಡುವೆ ಅವನು ಬಿಟ್ಟು ಹೋಗಬೇಕಾದರೆ ತಮ್ಮನನ್ನೋ ಭಾಮೈದನನ್ನೋ ಕರೆತಂದು ಅಪ್ಪನ ಮುಂದೆ ನಿಲ್ಲಿಸುತ್ತಿದ್ದ. ಅಪ್ಪ ಬಂದವನನ್ನು ಮೇಲಿಂದ ಕೆಳಗೆ ನೋಡಿ, "ಕೆಲ್ಸ ನಿಲ್ಲಬಾರ್ದು ನೋಡಪ್ಪ" ಅನ್ನುತ್ತಿದ್ದರು. ಅಮ್ಮ ಅವನಿಗೆ ರೊಟ್ಟಿ ಕೊಡುತ್ತಿದ್ದಳು. ಅಲ್ಲಿಗೆ ಮುಗಿಯಿತು, ಹೋದವನ ಮೇಲೆ ಯಾರಿಗೂ ಮುನಿಸಿರುತ್ತಿರಲಿಲ್ಲ. ಬಿ.ಎಸ್ಸಿ., ಬಿ.ಎಡ್. ಮಾಡಿ, ಕೋಟು ಹೊಲಿಸಿಕೊಂಡು ಆಫ್ರಿಕಾಕ್ಕೆ ಹೋದ ನಾನು ಅಲ್ಲಿಯ ಕಾನೂನೂ ಹೀಗೇ ಇರುತ್ತದೆ ಅಂದುಕೊಂಡಿದ್ದೆ. ಓದಿದ ದಡ್ಡನಿಗಿಂತ ದೊಡ್ಡ ದಡ್ಡ ಇನ್ನೊಬ್ಬನಿಲ್ಲ.

ಅದು ಎಪ್ಪತ್ತರ ದಶಕದ ಕೊನೆ. ಗಣಿತ, ವಿಜ್ಞಾನ ಓದಿದ ಮೇಷ್ಟ್ರುಗಳು ಕರಾರಿನ ಮೇಲೆ ಜಾಂಬಿಯಾಕ್ಕೆ ಹೋಗುತ್ತಿದ್ದ ಕಾಲ. ನನ್ನ ಕರಾರು ಮೂರು ವರ್ಷದ್ದು. ಶಾಲೆ ಇದ್ದದ್ದು ಒಂದು ಹಳ್ಳಿಯಲ್ಲಿ. ಕರೆಂಟಿಲ್ಲ, ಮಾತಾಡಲು ಜನವಿಲ್ಲ. ಒಂದೂವರೆ ವರ್ಷ ಆಗುವಷ್ಟರಲ್ಲಿ ಪೇಟೆಯ ಇನ್ನೊಂದು ಶಾಲೆಯವರು ನನ್ನನ್ನು ಕರೆದರು. ಫ್ಯಾನು, ನಲ್ಲಿ ನೀರು ಎರಡೂ ಇದ್ದ ಮನೆ ಕೊಡುತ್ತೇವೆ ಅಂದರು. ಹೆಡ್‌ಮಾಸ್ಟರನ್ನು ಕೇಳಿದರೆ, ಪರೀಕ್ಷೆ ಹತ್ತಿರ ಬಂದಿದೆ, ಬಿಡುವುದಿಲ್ಲ ಅಂದರು. ಆಗ ನನಗೆ ನೆನಪಾದದ್ದು ನಮ್ಮೂರಿನ ಪದ್ಧತಿ.

ಜಗಳೂರಿನವರೊಬ್ಬರು ಅದೇ ಸೀಮೆಯಲ್ಲಿದ್ದರು. ಅವರನ್ನು ಕರೆಸಿಕೊಂಡಿದ್ದ ಶಾಲೆ ಅಷ್ಟರಲ್ಲಿ ಮುಚ್ಚಿಹೋಗಿ, ಬೇರೆ ಕೆಲಸ ಹುಡುಕುತ್ತಿದ್ದರು. ನನ್ನ ಜಾಗಕ್ಕೆ ಬಂದು ಪಾಠ ಮಾಡಿ ಅಂದೆ.

"ನನ್ನ ಕೆಲ್ಸದ ಪರ್ಮಿಟ್ಟಿನಾಗೆ ಆ ಮುಚ್ಚಿದ ಶಾಲೆ ಹೆಸ್ರು ಐತಲ್ರೀ ಮೇಷ್ಟ್ರೇ, ಏನೂ ತೊಂದ್ರೆ ಆಗಂಗಿಲ್ವಾ?" ಎಂದು ಅವರು ಕೇಳಿದರು.

"ಕೆಲ್ಸ ನಡೆದ್ರೆ ಸಾಕು ಬಿಡ್ರಿ, ಹೆಸ್ರು ಯಾರು ನೋಡ್ತಾರೆ" ಅಂದೆ.

ನೋಡಿದರು. ನಾನು ಒಪ್ಪಿಗೆ ಕೇಳದೆ ಪೇಟೆಗೆ ಹೋಗಿದ್ದೆ; ಪರೀಕ್ಷೆಯ ಅವಸರದಲ್ಲಿದ್ದ ಹೆಡ್‌ಮಾಸ್ಟರು ಬಂದವರನ್ನೇ ಇಟ್ಟುಕೊಂಡಿದ್ದರು. ಎರಡು ತಿಂಗಳ ಮೇಲೆ ಪರ್ಮಿಟ್ ಆಫೀಸಿನವರು ತಪಾಸಣೆಗೆ ಬಂದಾಗ ರಿಜಿಸ್ಟರಿನಲ್ಲಿ ನನ್ನ ಹೆಸರಿತ್ತು, ಬೋರ್ಡಿನ ಮುಂದೆ ಜಗಳೂರಿನವರಿದ್ದರು. ಪರ್ಮಿಟ್ಟು ಕೊಟ್ಟದ್ದು ಆಯಾ ಶಾಲೆಗೆ ಮಾತ್ರ. ಬೇರೆ ಕಡೆ ದುಡಿದರೆ ಅಪರಾಧ. ಅವರಿಗೆ ದೇಶ ಬಿಡಲು ಒಂದು ವಾರ ಕೊಟ್ಟರು. ನನ್ನದೂ ಕರಾರು ಮುರಿದ ದಿನವೇ ಸತ್ತ ಪರ್ಮಿಟ್ಟು. ಆದರೆ ನಾನು ಹೊಸದಕ್ಕೆ ಅರ್ಜಿ ಹಾಕಿ, ಅದರಲ್ಲಿ 'ಹಳೆಯ ಶಾಲೆಯ ಒಪ್ಪಿಗೆ ಪಡೆದೇ ಬಿಟ್ಟಿದ್ದೇನೆ' ಎಂದು ಬರೆದಿದ್ದೆ. ಅದು ಸುಳ್ಳು. ಕಾಗದ ಬರುವ ತನಕ ನಿಮ್ಮ ದೇಶದಲ್ಲೇ ಇರಿ ಅಂದರು. ಹೀಗೆ ಆ ಬೇಸಿಗೆಯಲ್ಲಿ ಇಬ್ಬರೂ ಊರಿಗೆ ಬಂದೆವು. ನಾನು ಕಾಯುವವನು, ಅವರು ಹೊರಹಾಕಿಸಿಕೊಂಡವರು.

ಹದಿನೈದು ದಿನಕ್ಕೆ ಅವರು ಹುಡುಕಿಕೊಂಡು ಬಂದರು. ಜಗಳೂರಿಂದ ದಾವಣಗೆರೆ, ಅಲ್ಲಿಂದ ಹೊನ್ನಾಳಿ, ಹೊನ್ನಾಳಿಯಿಂದ ನಮ್ಮೂರು, ಮೂರು ಬಸ್ಸು ಹತ್ತಿ ಬಂದಿದ್ದರು. ಜಗಲಿಯ ಮೇಲೆ ಕೂತು ನೀರು ಕುಡಿದು ವಿಷಯ ಹೇಳಿದರು.

"ಅಪೀಲು ಹಾಕಾಕೆ ಮೂರು ತಿಂಗ್ಳು ಟೈಮ್ ಐತಂತೆ. ನೀವೇ ನನ್ನ ಅಲ್ಲಿಗೆ ಕಳ್ಸಿದ್ದು, ನಂದೇನೂ ತಪ್ಪಿಲ್ಲ ಅಂತ ಒಂದು ಕಾಗ್ದ ಬರ್ದು ಸೈನ್ ಹಾಕ್ಕೊಡ್ರಿ. ಇಲ್ಲಾಂದ್ರೆ ಆ ದೇಶಕ್ಕೆ ಮತ್ತೆ ಹೋಗಾಕಾಗಲ್ಲ. ಚನ್ನಗಿರಿ ಹೈಸ್ಕೂಲಿನ ಕಾಯಂ ಕೆಲ್ಸ ಬಿಟ್ಟು ಹೋದೋನು ನಾನು. ಆ ಜಾಗಕ್ಕೆ ಬೇರೆಯವ್ರು ಬಂದಾರೆ. ಸರ್ಕಾರಿ ಕೆಲ್ಸಕ್ಕೆ ವಯಸ್ಸು ದಾಟೈತೆ."

ಕಾಗದ ಬರೆದರೆ ನನ್ನ ಸುಳ್ಳು ಬಯಲಾಗಿ ಹೊಸ ಪರ್ಮಿಟ್ಟು ಕೈತಪ್ಪುತ್ತಿತ್ತು. ಇದು ನನಗೆ ಆ ಕ್ಷಣದಲ್ಲೇ ಹೊಳೆಯಿತು. ಇಂಥವು ನನಗೆ ಬೇಗ ಹೊಳೆಯುತ್ತವೆ. "ಬರೀದೇ ಇರ್ತೀನಾ? ಇಂಗ್ಲಿಷಿನಾಗೆ ನೀಟಾಗಿ ಬರೀಬೇಕು, ಒಂದು ವಾರ ಕೊಡ್ರಿ" ಎಂದು ಮೂಗಿಗೆ ತುಪ್ಪ ಸವರಿ ಕಳಿಸಿದೆ. ಪಾಪ, ಕೈಮುಗಿದು ಹೋದರು.

ಒಳಗಿದ್ದ ಅಪ್ಪ ಎಲ್ಲ ಕೇಳಿಸಿಕೊಂಡಿದ್ದರು.

"ಬದ್ಲಿ ಕೊಟ್ಟೋನು ಹೊಣೆ ಕಣಲೇ. ಬದ್ಲಿ ಆಳು ಎತ್ತು ಕೆಡಿಸಿದ್ರೂ ಕೊಟ್ಟೋನೇ ಹೊಣೆ, ಆಳಿಗೆ ಏಟು ಬಿದ್ರೂ ಕೊಟ್ಟೋನೇ ಹೊಣೆ. ಅರ್ಧ ಪದ್ಧತಿ ಕಲ್ತು ಫಾರಿನ್ನಿಗೆ ಹೋದ್ಯಾ? ಬರ್ಕೊಡು ಅತ್ಲಾಗೆ."

"ಪರ್ಮಿಟ್ಟಿನ ವಿಚಾರ ನಿಮ್ಗೇನ್ ಗೊತ್ತಾಗ್ತದೆ" ಎಂದು ರೇಗಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದು ಯಾರೆಂದು ನನಗೂ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಅಷ್ಟು ಸಿಟ್ಟು ಬಂದದ್ದು.

ಮತ್ತೊಮ್ಮೆ ಜಗಳೂರಿನವರು ಬರುವುದಾಗಿ ಕಾಗದ ಬರೆದಾಗ ನಾನು ಆ ದಿನ ಬೆಳಿಗ್ಗೆಯೇ ನ್ಯಾಮತಿಯ ಅಕ್ಕನ ಮನೆಗೆ ಹೊರಟುಬಿಟ್ಟೆ. ಅಕ್ಕ ಸಡಗರದಿಂದ ಹೋಳಿಗೆ ಮಾಡಿದಳು. ಊರಿನಲ್ಲಿ ಅವರು ಸಂಜೆಯ ಬಸ್ಸಿನ ತನಕ ಕಾದು ಹೋದರಂತೆ. ಆಮೇಲೆ ಎರಡು ಇನ್‌ಲ್ಯಾಂಡ್ ಲೆಟರ್ ಬಂದವು. ಎರಡರಲ್ಲೂ ಮೊದಲು ಅಪ್ಪನ ಆರೋಗ್ಯ ವಿಚಾರಿಸಿ, ಕೊನೆಗೆ ಅಪೀಲಿನ ಗಡುವಿಗೆ ಇನ್ನೆಷ್ಟು ದಿನ ಉಳಿದಿದೆ ಎಂದು ಬರೆದಿದ್ದರು. ನಾನು ಉತ್ತರ ಬರೆಯಲಿಲ್ಲ. ಪರ್ಮಿಟ್ಟು ಕೈಗೆ ಬಂದ ಕೂಡಲೇ ಬರೆದುಬಿಡುತ್ತೇನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದು ಬಂದಾಗ ಅವರ ಗಡುವಿಗೆ ಇನ್ನೂ ಒಂಬತ್ತು ದಿನವಿತ್ತು. ಆ ಒಂಬತ್ತು ದಿನವೂ ನಾನು ಪೆಟ್ಟಿಗೆ ಕಟ್ಟುವುದರಲ್ಲಿ, ನೆಂಟರ ಮನೆ ಊಟದಲ್ಲಿ ಕಳೆದೆ. ಅಪ್ಪ ಬಸ್ಸು ಹತ್ತಿಸಲು ಬರಲಿಲ್ಲ.

ಪೇಟೆಯ ಆ ಶಾಲೆಯಲ್ಲಿ ಐದು ವರ್ಷ ದುಡಿದೆ. ಫ್ಯಾನಿನ ಕೆಳಗೆ ಚೆನ್ನಾಗಿ ನಿದ್ದೆಯೂ ಬರುತ್ತಿತ್ತು; ಬರಲಿಲ್ಲ ಎಂದು ಬರೆದರೆ ಇನ್ನೊಂದು ಸುಳ್ಳಾಗುತ್ತದೆ. ಕರಾರು ಮುಗಿದು, ಮತ್ತೆ ಆ ದೇಶಕ್ಕೆ ಹೋಗುವ ಆಸೆಯೂ ತೀರಿ, ಇನ್ನು ನನಗೆ ಯಾವ ನಷ್ಟವೂ ಇಲ್ಲ ಎಂದಾದ ಮೇಲೆ ಧೈರ್ಯ ಬಂತು. ಎಂಬತ್ತರ ದಶಕದ ನಡುವಿನಲ್ಲಿ, ನಡೆದದ್ದನ್ನೆಲ್ಲ ಇಂಗ್ಲಿಷಿನಲ್ಲಿ ಎರಡು ಪುಟ ಬರೆದು ಸಹಿ ಹಾಕಿ, ಜಗಳೂರಿನ ಬಸ್ಸು ಹತ್ತಿದೆ.

ಅವರು ಒಂದು ಖಾಸಗಿ ಶಾಲೆಯಲ್ಲಿ ಹಂಗಾಮಿ ಮೇಷ್ಟ್ರಾಗಿದ್ದರು. ಪ್ರತಿ ಬೇಸಿಗೆಯಲ್ಲೂ ಬಿಡಿಸಿ, ಶಾಲೆ ಶುರುವಾದಾಗ ಮತ್ತೆ ಕರೆಯುವ ಕೆಲಸ. ತಲೆ ಅರ್ಧ ನೆರೆತಿತ್ತು. ಹೊಸಿಲಲ್ಲಿ ನನ್ನನ್ನು ಕಂಡು, "ಬರ್ರಿ ಮೇಷ್ಟ್ರೇ" ಎಂದು ಚಾಪೆ ಹಾಸಿದರು. ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ, ಕಾಲು ಹಿಡಿಯಲೂ ತಯಾರಾಗಿದ್ದೆ. ಕಾಗದ ಕೊಟ್ಟೆ. ಕನ್ನಡಕ ಹಾಕಿಕೊಂಡು, ಪರೀಕ್ಷೆಯ ಉತ್ತರ ಪತ್ರಿಕೆ ನೋಡುವ ಹಾಗೆ ಸಾವಕಾಶವಾಗಿ ಎರಡು ಪುಟವನ್ನೂ ಓದಿದರು.

"ಚೆನ್ನಾಗಿ ಬರ್ದೀರಿ. ಒಂದು ತಪ್ಪೂ ಇಲ್ಲ" ಅಂದರು. ಮಡಚಿ ಕೈಯಲ್ಲೇ ಇಟ್ಟುಕೊಂಡು ಕೇಳಿದರು: "ಇದನ್ನ ಈಗ ಯಾರಿಗೆ ಕೊಡ್ಲಿ ಹೇಳ್ರಿ?"

ಅದರಲ್ಲಿ ಕೊಂಕಿರಲಿಲ್ಲ. ನಿಜವಾಗಿಯೇ ಕೇಳಿದ್ದರು, ನಾನು ಹೇಳುತ್ತೇನೆಂದು ಕಾದರು. ಆಮೇಲೆ ಒಳಗೆ ತಿರುಗಿ, "ಊಟಕ್ಕೆ ಇನ್ನೊಬ್ರು ಅದಾರೆ" ಎಂದು ಹೆಂಡತಿಗೆ ಕೂಗಿ ಹೇಳಿದರು. ಬೈದಿದ್ದರೆ ಎದ್ದು ಬರಬಹುದಿತ್ತು. ತಲೆ ತಗ್ಗಿಸಿಕೊಂಡು ಉಂಡೆ.